ನಾಳೆಯಕ್ಕನ ಚಿಂದಿಗೆ ಮನೆ ಹುಡುಕಿದ್ದು

ಅಲ್ಲ, ಆ ಕತ್ತರಿಯ ವಿಷಯ ಮೊದಲು ಹೇಳದಿದ್ದರೆ ಮಿಕ್ಕಿದ್ದು ಯಾವುದೂ ತಲೆಗೆ ಹತ್ತುವುದಿಲ್ಲ. ನಾಳೆಯಕ್ಕನ ಅಂಗಡಿಯಲ್ಲಿ ಇರುವುದು ಎರಡು ಕತ್ತರಿ. ಸಣ್ಣದು ದಾರಕ್ಕೆ, ಕಾಗದಕ್ಕೆ, ಮತ್ತೆ ಪಕ್ಕದ ಇಸ್ತ್ರಿ ಮಾಮನ ಮೀಸೆಗೆ. ದೊಡ್ಡದು, ಕರಿ ಹಿಡಿಯದ್ದು, ಬಟ್ಟೆಗೆ ಮಾತ್ರ. ಅದರಲ್ಲಿ ಒಮ್ಮೆ ಸ್ವಂತ ಮಗಳು ಶಾಲೆಯ ನಕ್ಷೆ ಕತ್ತರಿಸಿದಳು ಅಂತ ಅಕ್ಕ ಎರಡು ದಿನ ಮಾತು ಬಿಟ್ಟಿದ್ದಳು. ಅಂಥ ಕತ್ತರಿಯನ್ನು ಅವಳೇ ಕೈಯಾರೆ ತೆಗೆದು, ಒಂದು ನೀಲಿ ನೈಲಾನ್ ಹಗ್ಗ ಕತ್ತರಿಸಿದಳು ಅಂದರೆ, ಆ ಹಗ್ಗದ ಇನ್ನೊಂದು ತುದಿಯಲ್ಲಿ ಇದ್ದದ್ದು ಸಾಮಾನ್ಯದ್ದಲ್ಲ ಅಂತ ನೀವೇ ತಿಳಿದುಕೊಳ್ಳಿ.

ಅಕ್ಕ ಹೊಸ ಬಟ್ಟೆ ಹೊಲಿಯುವುದಿಲ್ಲ. ಉದ್ದ ಇದ್ದದ್ದನ್ನು ಗಿಡ್ಡ ಮಾಡುವುದು, ದೊಗಳೆ ಇದ್ದದ್ದನ್ನು ಬಿಗಿ ಮಾಡುವುದು, ಹರಿದದ್ದಕ್ಕೆ ತೇಪೆ ಹಾಕುವುದು, ಇಷ್ಟೇ ಅವಳ ಕಸುಬು. ಅಂಗಡಿ ಇರುವುದು ಮೂರು ಮಹಡಿಯ ಕಟ್ಟಡದ ಮೆಟ್ಟಿಲ ಕೆಳಗೆ. ಮೆಷಿನ್ನಿನ ಮುಂದೆ ಕುಳಿತರೆ ಬೆನ್ನು ಗೋಡೆಗೆ ತಾಗುತ್ತದೆ, ಎದ್ದರೆ ತಲೆ ಮೆಟ್ಟಿಲಿಗೆ ತಾಗುತ್ತದೆ. ಹಿಂದಿನ ಬಾಗಿಲು ತೆರೆದರೆ ಒಂದು ರೂಮು, ಒಂದು ಒಲೆ, ಎರಡು ಮಂಚ. ಅಲ್ಲಿ ಅಕ್ಕ ಮತ್ತು ಕಾಲೇಜಿಗೆ ಹೋಗುವ ಮಗಳು. ಕೈ ಮಾತ್ರ ಅದ್ಭುತ. ಅವಳು ಹಾಕಿದ ಹೊಲಿಗೆಯನ್ನು ಬಿಸಿಲಿಗೆ ಹಿಡಿದು ಹುಡುಕಿದರೂ ಸಿಗುವುದಿಲ್ಲ. ಅದೇ ರೀತಿ ಅವಳಿಗೆ ಕೊಟ್ಟ ಬಟ್ಟೆಯೂ ಹೇಳಿದ ದಿನ ಸಿಗುವುದಿಲ್ಲ. ಯಾರು ಏನು ತಂದರೂ "ಆಗಲ್ಲ" ಅನ್ನುವ ಮಾತು ಬಾಯಿಗೆ ಬಾರದು. ತೆಗೆದುಕೊಂಡು ರಾಶಿ ಹಾಕುತ್ತಾಳೆ. ಕೇಳಲು ಬಂದರೆ, "ಒಂಚೂರು ಕೆಲಸ ಬಾಕಿ ಇದೆ, ನಾಳೆ ಬನ್ನಿ." ಹಾಗಾಗಿಯೇ ಬೀದಿಗೆಲ್ಲ ಅವಳು ನಾಳೆಯಕ್ಕ. ಅವಳಿಗೂ ಗೊತ್ತು, ಬೇಜಾರಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಷಟರ್ ಎತ್ತಿದರೆ, ಹೊರಗಿಟ್ಟಿದ್ದ ಚಿಂದಿಬಟ್ಟೆಯ ಮೂಟೆ ಉಸಿರಾಡುತ್ತಿದೆ! ಅಕ್ಕ ಬಗ್ಗಿ ನೋಡಿದಳು. ತುಂಡುಬಟ್ಟೆಗಳ ಮಧ್ಯೆ ಎರಡು ಕಣ್ಣು. ಬೂದು ಬಣ್ಣದ ಹೆಣ್ಣುನಾಯಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಇಸ್ತ್ರಿ ಮಾಡಿದ ಕಾಲರಿನ ಹಾಗೆ ಮಡಿಚಿದ್ದು. ಕುತ್ತಿಗೆಯಲ್ಲಿ ಯಾರೋ ಕಟ್ಟಿದ್ದ ನೀಲಿ ಹಗ್ಗ, ಬಿಗಿದು ಬಿಗಿದು ಚರ್ಮದೊಳಗೇ ಇಳಿದಿತ್ತು. ತುದಿಯನ್ನು ಹಲ್ಲಿನಿಂದ ಕಡಿದು ತಪ್ಪಿಸಿಕೊಂಡು ಬಂದದ್ದು ನೋಡಿದರೇ ತಿಳಿಯುತ್ತಿತ್ತು.

"ಸಣ್ಣ ಕತ್ತರಿ ತಗೊಳಮ್ಮಾ, ದೊಡ್ಡದರ ಬಾಯಿ ಹಾಳಾಗುತ್ತೆ," ಅಂದ ಇಸ್ತ್ರಿ ಮಾಮ, ತನ್ನ ಮೇಜಿನ ಹಿಂದೆ ನಿಂತುಕೊಂಡು, ಹತ್ತಿರ ಬರದೆ.

"ಹಾಳಾಗ್ಲಿ ಬಿಡು ಮಾಮ," ಅಂದಳು ಅಕ್ಕ. ಹಗ್ಗ ಕಟ್ ಅಂತು. ಕತ್ತರಿಯ ಬಾಯಿಯೂ ಹಾಳಾಯಿತು. ಆ ಹಗ್ಗವನ್ನು ಮಾತ್ರ ಅಕ್ಕ ಎಸೆಯಲಿಲ್ಲ, ಮೊಳೆಗೆ ನೇತುಹಾಕಿದಳು. "ಕಟ್ಟಿದೋನು ಒಂದಿನ ಸಿಕ್ಕೇ ಸಿಗ್ತಾನೆ. ಅವತ್ತು ಇದೇ ಹಗ್ಗ, ಅವನದೇ ಕುತ್ತಿಗೆ."

ಪ್ರಾಣಿಗಳ ಡಾಕ್ಟರು ಮುಲಾಮು ಕೊಟ್ಟು ಹೇಳಿದರು: "ಗಾಯ ಹದಿನೈದು ದಿನದಲ್ಲಿ ಒಣಗುತ್ತೆ. ಹೆದರಿಕೆಗೆ ಮಾತ್ರ ನನ್ನ ಹತ್ರ ಔಷಧಿ ಇಲ್ಲ. ಹೊಸಬರು ಬಂದ್ರೆ ಅದರ ಕಡೆ ನೋಡಬಾರದು, ಕರೀಬಾರದು, ಮುಟ್ಟಬಾರದು. ಅದಾಗೇ ಬರಬೇಕು."

ಅದಾಗೇ ಬರುವ ಲಕ್ಷಣ ಕಾಣಲಿಲ್ಲ. ಮೂಟೆಯಲ್ಲಿ ಸಿಕ್ಕಿದ್ದಕ್ಕೆ ಚಿಂದಿ ಅಂತ ಹೆಸರಿಟ್ಟರು. ಚಿಂದಿ ಮೆಷಿನ್ನಿನ ಕೆಳಗೆ ಸೇರಿಕೊಂಡಿತು. ಪೆಡಲಿನ ಮೇಲೆ ತಲೆ ಇಟ್ಟು ಮಲಗುತ್ತಿತ್ತು, ಅಕ್ಕ ಒಂದೇ ಕಾಲಲ್ಲಿ ತುಳಿಯುವುದನ್ನು ಅಭ್ಯಾಸ ಮಾಡಿಕೊಂಡಳು. ಅಕ್ಕ, ಮಗಳು, ದೂರದಿಂದ ಇಸ್ತ್ರಿ ಮಾಮ, ಈ ಮೂವರನ್ನು ಬಿಟ್ಟು ಲೋಕದಲ್ಲಿ ಇರುವವರೆಲ್ಲ ಚಿಂದಿಗೆ ಅಪರಿಚಿತರು. ಮೊದಲು ಒಂದು ಗುರ್, ಆಮೇಲೆ ಹಲ್ಲು, ಆಮೇಲೆ ಎದೆ ಒಡೆದುಹೋಗುವಂಥ ಬೊಗಳಿಕೆ, ಕೊನೆಗೆ ತಾನೇ ಹೆದರಿ ಗೋಡೆಗೆ ಅಂಟಿಕೊಂಡು ನಡುಗುವುದು.

ಇದರ ಜೊತೆಗೆ ಟೇಪಿನ ಕಾಟ. ಅಕ್ಕ ಕುತ್ತಿಗೆಯಿಂದ ಅಳತೆ ಟೇಪನ್ನು ಸರ್ ಅಂತ ಎಳೆದರೆ ಸಾಕು, ಚಿಂದಿ ಕಣ್ಣು ಮುಚ್ಚಿ ನೆಲಕ್ಕೆ ಕುಸಿಯುತ್ತಿತ್ತು. ಹಗ್ಗ ಅಂದುಕೊಳ್ಳುತ್ತಿತ್ತೋ ಏನೋ. ಅಕ್ಕ ಟೇಪನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಅಲ್ಲಿಂದಾಚೆ ಬಂದವರನ್ನೆಲ್ಲ ಗೇಣಿನಲ್ಲಿ ಅಳೆಯತೊಡಗಿದಳು. ಬ್ಯಾಂಕಿನ ಮ್ಯಾನೇಜರಿನ ಸೊಂಟ ನಾಲ್ಕು ಗೇಣು ಮೂರು ಬೆರಳು! ಆತ ನಾಚಿ ಕೆಂಪಾಗಿ, ಪ್ಯಾಂಟು ಹಿಡಿದುಕೊಂಡು ಹಿಂದಿನ ಬೀದಿಯ ಟೈಲರಿನ ಹತ್ತಿರ ಹೋದ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಚಿಂದಿಗೆ ಹಾಸಲು ಅಕ್ಕ ಗೋಣಿಚೀಲ ಹಾಕಿದಳು, ಹಳೆ ಕಂಬಳಿ ಹಾಕಿದಳು, ಕೊನೆಗೆ ತನ್ನದೇ ಶಾಲು ಹಾಕಿದಳು. ಅದು ಜಪ್ಪಯ್ಯ ಅಂದರೂ ಮಲಗಲಿಲ್ಲ. ನಾಲ್ಕನೇ ದಿನ ತಾನೇ ಹೋಗಿ, ಕೆಳಗಿನ ಶೆಲ್ಫಿನಿಂದ ಒಂದು ಕಂದು ಬಣ್ಣದ ಉಣ್ಣೆ ಕೋಟು ಎಳೆದುಕೊಂಡು ಬಂದು, ಮೂರು ಸುತ್ತು ಸುತ್ತಿ, ಉಸ್ಸಪ್ಪಾ ಅಂತ ಮಲಗಿಬಿಟ್ಟಿತು. ಆ ಶೆಲ್ಫು ಯಾರೂ ಬಂದು ಒಯ್ಯದೆ ಉಳಿದ ಬಟ್ಟೆಗಳದ್ದು.

"ಅಮ್ಮಾ, ಗಿರಾಕಿ ಕೋಟು!" ಅಂದಳು ಮಗಳು.

ಅಕ್ಕ ಗೋಡೆಯ ಬೋರ್ಡು ತೋರಿಸಿದಳು. 'ಮೂರು ತಿಂಗಳೊಳಗೆ ಒಯ್ಯದ ಬಟ್ಟೆಗೆ ನಾವು ಜವಾಬ್ದಾರರಲ್ಲ.' ಹದಿನೆಂಟು ವರ್ಷದಲ್ಲಿ ಆ ಬೋರ್ಡನ್ನು ಅವಳು ಬಳಸಿದ್ದು ಅದೇ ಮೊದಲು. "ಬಂದು ಮೂರು ತಿಂಗಳಾಗಿದೆ ಕಣೇ. ಇನ್ನು ಯಾವ ಪುಣ್ಯಾತ್ಮ ಬರ್ತಾನೆ ಇದಕ್ಕೆ?"

ಪುಣ್ಯಾತ್ಮ ಬರುವ ಮೊದಲು ಬಂದವನು ಕಟ್ಟಡದ ಓನರು. ಆತ ಇರುವುದು ಮೂರನೇ ಮಹಡಿಯಲ್ಲಿ. ಹತ್ತುವಾಗ, ಇಳಿಯುವಾಗ ಆತನ ಬೂಟಿನ ಸದ್ದು ನೇರವಾಗಿ ಚಿಂದಿಯ ತಲೆಯ ಮೇಲೆ. ಅದು ಮೊದಲ ಮೆಟ್ಟಿಲಿನಿಂದ ಕೊನೆಯ ಮೆಟ್ಟಿಲಿನವರೆಗೆ ಒಂದನ್ನೂ ಬಿಡದೆ ಬೊಗಳುತ್ತಿತ್ತು.

"ಏನ್ರೀ ಇದು! ನನ್ನ ಮನೆಗೆ ನಾನೇ ಕಳ್ಳನ ಥರ ಬರಬೇಕಾ?"

"ಇಲ್ಲ ಸಾರ್, ಅದಕ್ಕೆ ಬೂಟಿನ ಸದ್ದು ಆಗಲ್ಲ. ಚಪ್ಪಲಿ ಹಾಕ್ಕೊಂಡ್ರೆ..."

"ನಾನು ಚಪ್ಪಲಿ ಹಾಕ್ಕೊಳ್ಳೋದಾ! ನೋಡಿ, ಬರೋ ತಿಂಗಳು ಒಂದನೇ ತಾರೀಖು. ಅಷ್ಟರಲ್ಲಿ ಅದು ಇಲ್ಲಿ ಇರಬಾರದು. ಇದ್ರೆ ನೀವೂ ಇರಬೇಡಿ, ಅಂಗಡಿ, ರೂಮು ಎರಡೂ ಖಾಲಿ ಮಾಡಿ."

"ಆಯ್ತು ಸಾರ್, ನಾಳೆ..." ಅಂದಳು ಅಕ್ಕ, ಅಭ್ಯಾಸಬಲದಿಂದ.

"ನಿಮ್ಮ ನಾಳೆ ನನಗೆ ಗೊತ್ತು. ಒಂದನೇ ತಾರೀಖು!"

ಉಳಿದದ್ದು ಒಂದು ತಿಂಗಳಿಗಿಂತ ಎರಡು ದಿನ ಕಡಿಮೆ. ಮಗಳು ಫೋನು ತೆಗೆದುಕೊಂಡು ಕುಳಿತಳು. ನಾಯಿ ಸಾಕಲು ಮನೆ ಬೇಕು ಅಂತ ನಾಲ್ಕಾರು ಗುಂಪುಗಳಿಗೆ ಹಾಕಬೇಕು, ಅಮ್ಮ ಹೇಳಬೇಕು, ತಾನು ಬರೆಯಬೇಕು. ಅಕ್ಕ ಹೇಳತೊಡಗಿದಳು. "ಎತ್ತರ ಎರಡೂವರೆ ಗೇಣು. ಎಡಗಿವಿ ಮಡಿಚಿದೆ, ಇಸ್ತ್ರಿ ಹಾಕಿದ್ರೂ ನಿಲ್ಲಲ್ಲ. ಕುತ್ತಿಗೆ ಸುತ್ತ ಕಲೆ, ಹೋಗಲ್ಲ. ಹೊಸಬರನ್ನ ಕಂಡ್ರೆ ಬೊಗಳುತ್ತೆ, ಕಚ್ಚೋ ಹಾಗೆ ಮಾಡುತ್ತೆ, ಕಚ್ಚಲ್ಲ, ಇದುವರೆಗೂ. ಬೂಟು ಆಗಲ್ಲ, ಕೊಡೆ ಆಗಲ್ಲ, ಟೇಪು ಆಗಲ್ಲ, ಎತ್ತರದ ದನಿ ಆಗಲ್ಲ..."

"ಅಮ್ಮಾ, ಒಂದಾದ್ರೂ ಒಳ್ಳೇದು ಹೇಳು. ಹೀಗೆ ಹಾಕಿದ್ರೆ ಯಾರು ಬರ್ತಾರೆ?"

"ಹಾಳಾಗಿರೋದನ್ನ ಮೊದಲೇ ಹೇಳಬೇಕು. ಮನೆಗೆ ಒಯ್ದ ಮೇಲೆ ತೂತು ಕಂಡ್ರೆ ವಾಪಸ್ ತರ್ತಾರೆ."

ದಿನದ ವಿಷಯದಲ್ಲಿ ಬಾಯಿಬಿಟ್ಟರೆ ಸುಳ್ಳು, ಬಟ್ಟೆಯ ವಿಷಯದಲ್ಲಿ ಒಂದು ದಾರದಷ್ಟೂ ಸುಳ್ಳಿಲ್ಲ. ಅಕ್ಕ ಅಂದರೆ ಹಾಗೆ. ಕೊನೆಯಲ್ಲಿ ಒಂದು ಷರತ್ತನ್ನೂ ಸೇರಿಸಿದಳು: ಬೇಕಾದವರು ಮೂರು ಸಲ ಟ್ರಯಲ್ಲಿಗೆ ಬರಬೇಕು. ಸ್ಟೂಲಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕೂರಬೇಕು. ನಾಯಿಯ ಕಡೆ ನೋಡಬಾರದು.

ಇಸ್ತ್ರಿ ಮಾಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲ್ಲಮ್ಮಾ, ಒಂದು ಗುಂಡಿಯ ಕಾಜಾ ಹಾಕಿಸೋಕೆ ಊರನ್ನೆಲ್ಲ ಮೂರು ಸಲ ಅಲೆಸಿದ್ದು ಸಾಲದಾ? ಈಗ ನಾಯಿ ಕೊಡೋಕೂ ಮೂರು ಸಲ?"

"ಮೈಗೆ ಸರಿಹೋಗುತ್ತಾ ಅಂತ ನೋಡದೆ ಕೊಡೋಕಾಗುತ್ತಾ?"

ಮೊದಲು ಬಂದವನು ವ್ಯಾಯಾಮ ಶಾಲೆಯ ತರಬೇತುದಾರ. ತೋಳಿನ ಸುತ್ತಳತೆ ಅಕ್ಕನ ಎರಡು ಗೇಣು. "ನಾಯಿಗಳಿಗೆ ನಾನಂದ್ರೆ ಪ್ರಾಣ ಆಂಟಿ. ಎರಡು ನಿಮಿಷ ನೋಡ್ತಿರಿ." ಹೇಳಿದ್ದು ಕಿವಿಗೆ ಹಾಕಿಕೊಳ್ಳದೆ ಮಂಡಿಯೂರಿ, ಮೆಷಿನ್ನಿನ ಕೆಳಗೆ ಮುಖ ತೂರಿಸಿ, "ಬಾ ಚಿನ್ನಾ" ಅಂದ. ಚಿನ್ನ ಬರಲಿಲ್ಲ. ಬಂದದ್ದು ಎಂಥ ಸದ್ದೆಂದರೆ, ಆತ ಏಳುವ ಭರದಲ್ಲಿ ತಲೆಯಿಂದ ಮೆಷಿನ್ನಿನ ಮೇಜನ್ನೇ ಎತ್ತಿಬಿಟ್ಟ. ದಾರ ಸುತ್ತಿದ ಬಾಬಿನ್ನುಗಳೆಲ್ಲ ಬೀದಿಗೆ ಉರುಳಿದವು. ಹೋಗುವಾಗ, "ಇದಕ್ಕೇನೋ ತೊಂದ್ರೆ ಇದೆ ಆಂಟಿ," ಅಂದ. "ಅದನ್ನೇ ಅಲ್ವಾ ಬರೆಸಿದ್ದು," ಅಂದಳು ಅಕ್ಕ.

ಆಮೇಲೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರಿಗೆ ಅಪರಿಚಿತರನ್ನು ಕಂಡರೆ ಬೊಗಳುವ ನಾಯಿಯೇ ಬೇಕಾಗಿತ್ತು. ಚಿಂದಿ ಬೊಗಳಿತು. ಅವರಿಗೆ ಸಿಟ್ಟು ಬಂತು.

"ನನಗ್ಯಾಕೆ ಬೊಗಳ್ತಿದೆ?"

"ನೀವೂ ಅಪರಿಚಿತರೇ ಅಲ್ವಾ ಮೇಡಂ?"

"ನಾನು ಮೂವತ್ತು ವರ್ಷ ಇದೇ ಊರಲ್ಲಿ ಪಾಠ ಹೇಳಿದ್ದೀನಿ!" ಇದನ್ನು ಅವರು ನಾಯಿಗೇ ಹೇಳಿದರು. ಆಮೇಲೆ ಗೇಟಿನ ಹತ್ತಿರ ಕಟ್ಟಲು ಸರಪಳಿ ಆಗಲೇ ತಂದಾಗಿದೆ ಅಂದರು. ಅಕ್ಕ ಮೊಳೆಯ ಮೇಲಿನ ನೀಲಿ ಹಗ್ಗ ನೋಡಿದಳು. "ಅಳತೆ ಸರಿಹೋಗಲ್ಲ ಮೇಡಂ."

ಒಂದು ಹೊಸ ಜೋಡಿ ಬಂತು. ಹೆಂಡತಿ ಸೋಫಾದ ಬಟ್ಟೆಯ ತುಂಡು ತಂದಿದ್ದಳು, ನಾಯಿಯ ಬಣ್ಣ ಹೊಂದುತ್ತದಾ ನೋಡಲು. ಬಣ್ಣ ಹೊಂದಿತು. ಗಂಡ ಕೊಡೆ ಬಿಚ್ಚಿದ. ಅಲ್ಲಿಗೆ ಅದೂ ಮುಗಿಯಿತು.

ಹೀಗೆ ಹನ್ನೊಂದು ಜನ. ಎರಡನೇ ಟ್ರಯಲ್ಲಿಗೆ ಬಂದವರು ಒಬ್ಬರೂ ಇಲ್ಲ. ಹೆಚ್ಚಿನವರು ಹೋಗುವಾಗ ಒಂದೇ ಮಾತು ಹೇಳಿದರು: "ನಾಳೆ ಬರ್ತೀವಿ." ಆ ಮಾತು ಕೇಳಿಸಿಕೊಂಡರೆ ಹೇಗಿರುತ್ತದೆ ಅಂತ ಅಕ್ಕನಿಗೆ ಹದಿನೆಂಟು ವರ್ಷದಲ್ಲಿ ಮೊದಲ ಸಲ ಗೊತ್ತಾಯಿತು. ಸ್ಟೂಲಿನ ಧೂಳು ಒರೆಸಿಟ್ಟು, ಬೀದಿಯ ಕಡೆ ಮುಖ ಮಾಡಿ ಕಾಯುತ್ತಿದ್ದಳು. ಇಸ್ತ್ರಿ ಮಾಮನೂ ಎರಡು ದಿನ ಆಡಿಕೊಂಡು ನಕ್ಕವನು, ಮೂರನೇ ದಿನ ಒಂದು ಲೋಟ ಟೀ ತಂದಿಟ್ಟ.

ಇಪ್ಪತ್ತನೇ ತಾರೀಖು ಓನರು ಮೆಟ್ಟಿಲಿಳಿಯುತ್ತಾ ನಿಂತ. "ಮನೆ ಸಿಗದಿದ್ರೆ ಹೇಳಿ. ನಾಯಿ ಹಿಡಿಯೋ ಗಾಡಿಯವರ ನಂಬರ್ ನನ್ನ ಹತ್ರ ಇದೆ." ಅಕ್ಕ ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಹೋದಳು, ನಾಲ್ಕು ಸಲವೂ ತಪ್ಪಿತು.

ಅವತ್ತೇ ಸಂಜೆ ಐದೂ ನಲವತ್ತಕ್ಕೆ ಸರಿಯಾಗಿ ಒಬ್ಬ ಮನುಷ್ಯ ಬಂದು ಅಂಗಡಿಯ ಮುಂದೆ ನಿಂತ. ತೆಳ್ಳಗೆ, ಉದ್ದಕ್ಕೆ, ಐವತ್ತೇಳು ಐವತ್ತೆಂಟರ ವಯಸ್ಸು, ಎಡಗೈಯಲ್ಲಿ ದೊಡ್ಡ ವಾಚು. ಬಸ್ ನಿಲ್ದಾಣದಲ್ಲಿ ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆದುಕೊಳ್ಳುವ ಟೈಮ್‌ಕೀಪರ್. ನಾಯಿಯ ಸುದ್ದಿ ಆತನಿಗೆ ಗೊತ್ತಿಲ್ಲ. ಬೋರ್ಡನ್ನು ಒಮ್ಮೆ ಓದಿದ, ವಾಚು ನೋಡಿದ, ಜೇಬಿಗೆ ಕೈ ಹಾಕಿದ.

ಮೆಷಿನ್ನಿನ ಕೆಳಗಿಂದ ಗುರ್ ಬರಲಿಲ್ಲ.

ಅಕ್ಕನ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು. ಚಿಂದಿ ಹೊರಗೆ ಬಂತು. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಹೋಗಿ, ಆತನ ಪ್ಯಾಂಟಿನ ಅಂಚನ್ನು ಮೂಸಿತು. ಮತ್ತೆ ಮೂಸಿತು. ಬಾಲ ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಆಮೇಲೆ ಆತನ ಷೂ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿತು.

ಇಸ್ತ್ರಿ ಮಾಮ ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು ಓಡಿ ಬಂದ. ಅಕ್ಕನ ಕಿವಿಯ ಹತ್ತಿರ ಬಗ್ಗಿ, ಪಿಸುಮಾತು ಅಂದುಕೊಂಡು ಇಡೀ ಬೀದಿಗೆ ಕೇಳುವಂತೆ, "ಇವನೇ ಕಣಮ್ಮಾ! ಹಳೇ ಯಜಮಾನ! ಇಲ್ಲಾಂದ್ರೆ ಅದು ಹೀಗೆ ಮಾಡುತ್ತಾ?" ಅಂದ.

ಅಕ್ಕನ ಮೈಯೆಲ್ಲ ಉರಿಯಿತು. ಮೊಳೆಯಿಂದ ಹಗ್ಗ ಕಿತ್ತು ಆತನ ಮುಖಕ್ಕೆ ಹಿಡಿದಳು. "ಇದು ನಿಮ್ದೇನಾ? ಹೇಳ್ರೀ! ನಾಚಿಕೆ ಆಗಲ್ವಾ ನಿಮಗೆ?"

ಆತ ಹಗ್ಗವನ್ನು ಶಾಂತವಾಗಿ ನೋಡಿದ. "ಇದಲ್ಲ. ನಂದು ಕೋಟು."

"ಅಮ್ಮಾ, ಬಿಡಬೇಡ, ಫೋಟೋ ತೆಗೀತೀನಿ. ನಾಯಿಗೆ ಹೀಗೆ ಮಾಡಿದೋನು ಯಾರು ಅಂತ ಎಲ್ಲಾ ಗುಂಪಿಗೂ ಹಾಕ್ತೀನಿ!" ಮಗಳು ಫೋನು ಎತ್ತಿದಳು. ಇಸ್ತ್ರಿ ಮಾಮ ದಾರಿಗೆ ಅಡ್ಡ ನಿಂತ. ಆತನ ಮೇಜಿನಿಂದ ಹೊಗೆ ಬರುತ್ತಿತ್ತು, ಯಾರಿಗೂ ಅದರ ಪರಿವೆ ಇಲ್ಲ.

ಟೈಮ್‌ಕೀಪರ್ ಒಂದು ರಸೀದಿ ಚಾಚಿದ. ಅಕ್ಕನದೇ ಕೈಬರಹ: ಕಂದು ಉಣ್ಣೆ ಕೋಟು, ಒಂದು, ಎರಡೂ ಪಕ್ಕ ಬಿಗಿ ಮಾಡುವುದು. ತಾರೀಖು ನೋಡಿದರೆ ಐದೂವರೆ ತಿಂಗಳ ಹಿಂದಿನದು. ರಸೀದಿಯ ಬೆನ್ನಿಗೆ ಇನ್ಯಾರದೋ ದುಂಡು ಅಕ್ಷರ. 'ಮಂಗಳವಾರ 5.40, ನಾಳೆ ಅಂದರು. ಬುಧವಾರ 5.40, ನಾಳೆ ಅಂದರು. ಗುರುವಾರ 5.40, ನಾಳೆ ಅಂದರು. ಶುಕ್ರವಾರ 5.40, ಅಂಗಡಿ ಮುಚ್ಚಿತ್ತು.'

"ಬಸ್ಸಿಗೆ ಬರೆದ ಹಾಗೇ ಬರೆದಿದ್ದೀನಿ," ಅಂದ ಆತ, ಸಂಕೋಚದಿಂದ. "ಅಭ್ಯಾಸ. ಆಮೇಲೆ ಸೆಕೆಗಾಲ ಬಂತು, ಬಿಟ್ಟುಬಿಟ್ಟೆ. ಈಗ ಮಳೆ ಹಿಡಿದಿದೆ, ಬೆಳಗಿನ ಪಾಳಿ ಹಾಕಿದ್ದಾರೆ, ಚಳಿ ತಡೆಯೋಕಾಗ್ತಿಲ್ಲ."

ಅಕ್ಕ ರಸೀದಿ ನೋಡಿದಳು, ಷೂ ಮೇಲಿನ ಗದ್ದ ನೋಡಿದಳು, ಮೆಷಿನ್ನಿನ ಕೆಳಗೆ ನೋಡಿದಳು. ಕೆಳಗೆ ಕೋಟು ಬಿದ್ದಿತ್ತು, ಮಧ್ಯದಲ್ಲಿ ನಾಯಿಯ ಮೈಯಷ್ಟೇ ಗುಂಡಗೆ ತಗ್ಗಾಗಿ. ಹತ್ತು ವಾರ ಹಗಲೂ ಇರುಳೂ ಮೂಗಿಟ್ಟು ಮಲಗಿದ ವಾಸನೆ ಅದು. ಚಿಂದಿಯ ಪಾಲಿಗೆ ಲೋಕದಲ್ಲಿ ಅಪರಿಚಿತ ಅಲ್ಲದ ನಾಲ್ಕನೆಯವನು ಈ ಮನುಷ್ಯ. ಯಾವ ಹಗ್ಗವೂ ಇವನದಲ್ಲ.

ಈಗ ಬಾಯಿ ಬಿಡದೆ ಇದ್ದುಬಿಡಬಹುದಿತ್ತು. ಮಗಳ ಫೋನು ಸಿದ್ಧವಾಗಿತ್ತು, ಇಸ್ತ್ರಿ ಮಾಮ ಆಗಲೇ ತೀರ್ಪು ಕೊಟ್ಟಾಗಿತ್ತು, ಬೀದಿಯಲ್ಲಿ ಐದಾರು ಜನ ಸೇರಿದ್ದರು. ಈತನನ್ನು ನಾಯಿಕಟುಕ ಅಂತ ಓಡಿಸಿಬಿಟ್ಟರೆ ಕೋಟಿನ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಗಿರಾಕಿ ಬಟ್ಟೆಯನ್ನು ನಾಯಿಗೆ ಹಾಸಿದಳು ಅನ್ನುವ ಮಾತು ಬೀದಿಗೆ ಬಿದ್ದರೆ, ನಾಳೆ ಅವಳ ಕೈಗೆ ಒಂದು ಕರವಸ್ತ್ರವನ್ನಾದರೂ ಯಾರು ಕೊಡುತ್ತಾರೆ? ಅದೂ ಬೇಡ, ಎಂದಿನ ಮಾತಾದರೂ ನಾಲಿಗೆಯ ತುದಿಯಲ್ಲೇ ಇತ್ತು. ನಾಳೆ ಬನ್ನಿ. ಎರಡೇ ಶಬ್ದ.

"ಫೋನು ಒಳಗಿಡೇ," ಅಂದಳು ಮಗಳಿಗೆ. ಬಗ್ಗಿ ಕೋಟು ಎಳೆದು, ಎಲ್ಲರೆದುರು ಕೊಡವಿದಳು. ಬೂದು ಕೂದಲು ಹತ್ತಿಯ ಹಾಗೆ ಹಾರಿತು. ಬಲತೋಳಿನ ಅಂಚನ್ನು ಚಿಂದಿ ಕಡಿದು ಜಾಲರಿ ಮಾಡಿತ್ತು. "ನೀವು ಕೊಟ್ಟಿದ್ದು ಇದೇ. ಕೆಲಸ ಮಾಡಿಲ್ಲ. ಇವತ್ತಿನವರೆಗೂ ಒಂದು ಸೂಜಿ ಚುಚ್ಚಿಲ್ಲ. ನೀವು ಬರಲ್ಲ ಅಂದ್ಕೊಂಡು ಅದು ಮಲಗಿದ್ದಕ್ಕೆ ಸುಮ್ಮನಾದೆ. ಅದಕ್ಕೇ ಅದಕ್ಕೆ ನಿಮ್ಮ ಗುರುತು. ತಪ್ಪು ನಂದು."

ಇಸ್ತ್ರಿ ಮಾಮನಿಗೆ ಈಗ ಸುಟ್ಟ ವಾಸನೆ ಬಂತು, "ಅಯ್ಯೋ ಅಂಗಿ!" ಅಂತ ಓಡಿದ.

ಟೈಮ್‌ಕೀಪರ್ ಕೋಟಿನ ತಗ್ಗನ್ನು ನೋಡಿದ, ತೋಳಿನ ಜಾಲರಿಯನ್ನು ನೋಡಿದ. ನಾಯಿಯ ಕಡೆ ಮಾತ್ರ ನೋಡಲಿಲ್ಲ, ಯಾರೂ ಹೇಳಿಕೊಡದಿದ್ದರೂ. "ಕಾಲು ತೆಗೆದ್ರೆ ಎದ್ದುಬಿಡುತ್ತಾ?" ಅಂತ ಕೇಳಿದ.

"ಏನು?"

"ಅಲ್ಲ, ಮಲಗಿದೆಯಲ್ಲಾ." ಹಾಗೇ ನಿಧಾನಕ್ಕೆ ಸ್ಟೂಲು ಎಳೆದುಕೊಂಡು ಕುಳಿತ. ಅರ್ಧ ಗಂಟೆ ಕುಳಿತ. ಎದ್ದಾಗ, "ಯಾವಾಗ ಸಿಗುತ್ತೆ ಕೋಟು?" ಅಂದ.

ಅಕ್ಕ ಈ ಸಲ ನಿಜವಾಗಿ ಲೆಕ್ಕ ಹಾಕಿ ಹೇಳಿದಳು. "ಒಗೆದು ಒಣಗಬೇಕು, ಪಕ್ಕ ಬಿಗಿ ಮಾಡಬೇಕು, ತೋಳು ಸರಿಮಾಡಬೇಕು. ಮೂರು ದಿನ. ಸಾರ್, ಒಂದು ಮಾತು. ನಿಮಗೆ ನಾಯಿ ಬೇಕಾ?"

"ಬೇಡ," ಅಂದ ಟೈಮ್‌ಕೀಪರ್, ಒಂದು ಕ್ಷಣವೂ ತಡ ಮಾಡದೆ. "ನಾನೊಬ್ಬನೇ ಇರೋದು. ಅಭ್ಯಾಸ ಇಲ್ಲ."

ಹನ್ನೊಂದು ಜನ ಬೇಕು ಬೇಕು ಅಂತ ಬಂದು ಹೋಗಿದ್ದರು. ಬೇಡ ಅಂದವನು ಮರುದಿನ ಐದೂ ನಲವತ್ತಕ್ಕೆ ಬಂದ. ಕೋಟು ನೋಡಿಹೋಗಲು, ಅಂದ. ಒಗೆದ ಕೋಟು ತಂತಿಯ ಮೇಲೆ ನೀರಿಳಿಸುತ್ತಾ ನೇತಾಡುತ್ತಿತ್ತು. ಅದನ್ನು ನೋಡಲು ಅರ್ಧ ನಿಮಿಷ ಸಾಕು. ಆತ ಸ್ಟೂಲಿನ ಮೇಲೆ ಅರ್ಧ ಗಂಟೆ ಕುಳಿತು, ದಾರದ ಉಂಡೆಗಳನ್ನು ಎಣಿಸುವವನ ಹಾಗೆ ಗೋಡೆ ನೋಡಿದ. ಚಿಂದಿ ಬಂದು ಷೂ ಮೇಲೆ ಗದ್ದ ಇಟ್ಟಿತು.

ಮೂರನೇ ದಿನ ಕೋಟು ಸಿದ್ಧವಾಯಿತು. ಹದಿನೆಂಟು ವರ್ಷದಲ್ಲಿ ಮೊಟ್ಟಮೊದಲು, ಹೇಳಿದ ದಿನವೇ! ಹಾಗಂತ ಎದೆ ತಟ್ಟಿ ಹೇಳಿಕೊಳ್ಳುವ ಯೋಗ ಅಕ್ಕನಿಗೆ ಇರಲಿಲ್ಲ. ಕೋಟು ಕೊಟ್ಟರೆ ಆತ ಹೋಗುತ್ತಾನೆ, ಒಂದನೇ ತಾರೀಖು ಬರುತ್ತದೆ. ಕೋಟನ್ನು ಮಡಿಚಿ ಇಸ್ತ್ರಿ ಮಾಮನ ಬಟ್ಟೆ ರಾಶಿಯ ತಳಕ್ಕೆ ತೂರಿಸಿ, ಐದೂ ನಲವತ್ತಕ್ಕೆ ಮುಖ ಗಂಭೀರ ಮಾಡಿಕೊಂಡು ಹೇಳಿದಳು: "ಒಂಚೂರು ಕೆಲಸ ಬಾಕಿ ಇದೆ ಸಾರ್. ನಾಳೆ ಬನ್ನಿ."

"ಆಗಲಿ," ಅಂದ ಆತ. ಸ್ಟೂಲು ಎಳೆದುಕೊಂಡ.

ನಾಲ್ಕನೇ ದಿನ ಗುಂಡಿ ಸಿಕ್ಕಿಲ್ಲ. ಐದನೇ ದಿನ ಗುಂಡಿ ಸಿಕ್ಕಿತು, ಬಣ್ಣ ಸರಿಯಿಲ್ಲ. ಆರನೇ ದಿನ ಸೂಜಿ ಮುರಿಯಿತು. ಏಳನೇ ದಿನ ಅಕ್ಕನಿಗೆ ಕಾರಣವೇ ಹೊಳೆಯಲಿಲ್ಲ, ಸುಮ್ಮನೆ ಕೈ ತಿರುವಿದಳು, ಆತ ತಲೆಯಾಡಿಸಿ ಕುಳಿತ. ಅವತ್ತು ಚಿಂದಿ ಆತನ ಹಿಂದೆ ಬೀದಿಯ ತಿರುವಿನವರೆಗೆ ಹೋಗಿ, ನಿಂತು, ಓಡಿ ವಾಪಸು ಬಂತು. ಅಕ್ಕ ಅದನ್ನು ನೋಡಿದಳು. ಮುಖ ಗೋಡೆಗೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ಬಾಬಿನ್ ಸುತ್ತಿದಳು, ಸುತ್ತಿದ್ದನ್ನೇ ಮತ್ತೆ ಸುತ್ತಿದಳು.

ಮೂವತ್ತನೇ ತಾರೀಖು ಇಸ್ತ್ರಿ ಮಾಮನಿಗೆ ತಡೆಯಲಾಗಲಿಲ್ಲ. "ಸಾರ್, ಕೋಟು ಆಗಿ ಒಂದು ವಾರ ಆಯ್ತು. ನನ್ನ ಮೇಜಿನ ಕೆಳಗಿದೆ. ದಿನಾ ಅದರ ಮೇಲೆ ಬೇರೆಯವರ ಅಂಗಿ ಪೇರಿಸಿ ಪೇರಿಸಿ ನನ್ನ ಸೊಂಟ ಬಿದ್ದುಹೋಯ್ತು. ಒಯ್ಯಿರಿ ಇನ್ನು!"

ಅಕ್ಕ ತಲೆ ತಗ್ಗಿಸಿದಳು. ಟೈಮ್‌ಕೀಪರ್ ವಾಚು ನೋಡಿಕೊಂಡ.

"ಗೊತ್ತು," ಅಂದ. "ಮೂವತ್ತೊಂದು ವರ್ಷ ಬಸ್ಸು ತಡ ಆಗೋದು ನೋಡಿದ್ದೀನಮ್ಮಾ. ಚಕ್ರ ಪಂಕ್ಚರ್ ಆಗಿ ತಡ ಆಗೋದು ಯಾವುದು, ಡ್ರೈವರ್ ಟೀ ಕುಡೀತಾ ಕೂತು ತಡ ಆಗೋದು ಯಾವುದು, ಮುಖ ನೋಡಿದ್ರೇ ಗೊತ್ತಾಗುತ್ತೆ."

"ಮತ್ತೆ ಯಾಕ್ ಬರ್ತಿದ್ರಿ?"

"ನೀವು ನಾಳೆ ಬನ್ನಿ ಅಂದ್ರಲ್ಲಾ." ಆತ ಗೋಡೆಯ ಕಡೆಯೇ ನೋಡುತ್ತಾ ಮುಂದುವರಿಸಿದ. "ನನ್ನ ಮನೆ ಕೆಳಮಹಡಿ. ಮೇಲೆ ಯಾರೂ ನಡೆಯಲ್ಲ. ನೆಂಟರು ಅಂತ ಬರೋರಿಲ್ಲ. ಷೂ ನಂದೊಂದೇ. ಬೆಳಿಗ್ಗೆ ಪಾಳಿಗೆ ಹೋದ್ರೆ ಮಧ್ಯಾಹ್ನ ಎರಡಕ್ಕೆಲ್ಲ ವಾಪಸ್. ಅಳತೆ ಸರಿಹೋಗುತ್ತಾ ನೀವೇ ನೋಡಿ."

ಅಕ್ಕ ಒಳಗೆ ಹೋದಳು. ಬಂದಾಗ ಕೈಯಲ್ಲಿ ಕಂದು ಬಣ್ಣದ ಒಂದು ಪಟ್ಟಿ ಇತ್ತು. ಕೋಟಿನ ಪಕ್ಕ ಬಿಗಿ ಮಾಡುವಾಗ ಉಳಿದ ಉಣ್ಣೆಬಟ್ಟೆ. ಅದನ್ನು ಎರಡು ಪದರ ಮಾಡಿ, ಒಳಗೆ ತನ್ನ ಹಳೆ ಶಾಲಿನ ತುಂಡು ಕೊಟ್ಟು, ಎದೆಗೂ ಬೆನ್ನಿಗೂ ಬರುವ ಹಾಗೆ ಹೊಲಿದಿದ್ದಳು. ಕುತ್ತಿಗೆಗೆ ಎಲ್ಲೂ ತಾಗದು. ಯಾವಾಗ ಹೊಲಿದಳೋ ಮಗಳಿಗೂ ಗೊತ್ತಿಲ್ಲ. ಅಳತೆ ಟೇಪಿನದಲ್ಲ, ಗೇಣಿನದು. ಚಿಂದಿ ಮೂಸಿತು. ಒಂದು ಕಡೆ ಆತನ ವಾಸನೆ, ಒಂದು ಕಡೆ ಅಕ್ಕನದು. ಒಂದು ಕಾಲು ತಾನೇ ಎತ್ತಿ ಕೊಟ್ಟಿತು.

"ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದೀನಿ," ಅಂದಳು ಅಕ್ಕ. "ದಪ್ಪ ಆದ್ರೆ ತನ್ನಿ, ಬಿಚ್ಚಿಕೊಡ್ತೀನಿ."

"ಯಾವತ್ತು ಸಿಗುತ್ತೆ?" ಅಂದ ಟೈಮ್‌ಕೀಪರ್. ಇಸ್ತ್ರಿ ಮಾಮ ನಕ್ಕು ನಕ್ಕು ಕೆಮ್ಮಿದ.

ಒಂದನೇ ತಾರೀಖು ಓನರು ಚಪ್ಪಲಿ ಹಾಕಿಕೊಂಡು, ತುದಿಗಾಲಲ್ಲಿ ಮೆಟ್ಟಿಲಿಳಿದು ಬಂದು ಬಗ್ಗಿ ನೋಡಿದ. ಮೆಷಿನ್ನಿನ ಕೆಳಗೆ ಖಾಲಿ. "ಹೋಯ್ತಾ?" ಅಂದ, ಏನೋ ಕಳೆದುಕೊಂಡವನ ಹಾಗೆ. ಅಕ್ಕ ತಲೆಯಾಡಿಸಿದಳು. ಎರಡೂ ಕಾಲು ಪೆಡಲಿನ ಮೇಲಿದ್ದವು, ಆದರೂ ತುಳಿಯುತ್ತಿದ್ದದ್ದು ಒಂದೇ.

ಕಟ್ಟಿದವನು ಯಾರೆಂದು ಇಂದಿಗೂ ಗೊತ್ತಿಲ್ಲ, ನೀಲಿ ಹಗ್ಗ ಇನ್ನೂ ಮೊಳೆಯಲ್ಲಿದೆ. ಟೇಪು ಡಬ್ಬಿಯಿಂದ ಹೊರಗೆ ಬಂದಿದೆ, ಆದರೆ ಸಂಜೆ ಐದೂವರೆಗೆ ಒಳಗೆ ಹೋಗುತ್ತದೆ. ಯಾಕೆಂದರೆ ಐದೂ ನಲವತ್ತಕ್ಕೆ ಕಂದು ಕೋಟು, ಕಂದು ಪಟ್ಟಿ ಎರಡೂ ಜೊತೆಯಾಗಿ ಬೀದಿಯ ತಿರುವಿನಲ್ಲಿ ಕಾಣಿಸಿಕೊಳ್ಳುತ್ತವೆ. ಅರ್ಧ ಗಂಟೆ ಕೂತು ಹೋಗುತ್ತವೆ. ನಂಬಿಕೆ ಇಲ್ಲದಿದ್ದರೆ ನೀವೇ ಒಮ್ಮೆ ಹೋಗಿ ನೋಡಿ. ಬರಿಗೈಯಲ್ಲಿ ಹೋಗಬೇಡಿ, ಉದ್ದ ಆಗಿರುವ ಒಂದು ಪ್ಯಾಂಟಾದರೂ ಇರಲಿ. ಬೂಟು ಬೇಡ, ಕೊಡೆ ಬೇಡ. ಚಿಂದಿಯ ಕಡೆ ನೋಡಲೇಬೇಡಿ, ಗೋಡೆ ನೋಡಿ. ಅಕ್ಕ ಪ್ಯಾಂಟು ತೆಗೆದುಕೊಂಡು ನಾಳೆ ಬನ್ನಿ ಅಂತಾಳೆ. ಬೇಜಾರು ಮಾಡಿಕೊಳ್ಳದೆ ನಾಳೆಯೂ ಹೋಗಿ, ನಾಡಿದ್ದೂ ಹೋಗಿ.